ಮಾನಿಟರ್ ಇಲ್ಲದ ರಾಸ್ಪ್‌ಬೆರಿ ಪೈ ಬೂಟ್ ಆಯ್ತೋ ಇಲ್ಲವೋ ಕಿವಿಯಿಂದಲೇ ತಿಳಿಯೋದು ಹೇಗೆ?

ಆರುಚುಕ್ಕಿ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನಗೆ ದೃಷ್ಟಿ ಪೂರ್ತಿ ಇಲ್ಲ. ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ (ಪರದೆಯ ಪಠ್ಯ ಓದಿ ಹೇಳೋ ತಂತ್ರಾಂಶ) ಬಳಸುತ್ತೇನೆ, ಕಮಾಂಡ್ ಲೈನ್ ಅಭ್ಯಾಸ ಇದೆ. ಕೈಯಲ್ಲಿರೋದು ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್. ಮಾನಿಟರ್ ಇಲ್ಲ.

ರಾಸ್ಪ್‌ಬೆರಿ ಪೈ ಓಎಸ್ ಲೈಟ್, ಬುಕ್‌ವರ್ಮ್ ಆವೃತ್ತಿ, ರೂಫಸ್ ಅನ್ನೋ ತಂತ್ರಾಂಶದಿಂದ 32 ಜಿಬಿ ಕಾರ್ಡ್‌ಗೆ ಬರೆದಿದ್ದೇನೆ. ಬೂಟ್ ವಿಭಾಗದಲ್ಲಿ ಎಸ್‌ಎಸ್‌ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್ ಆಗೋ ದಾರಿ) ಅನ್ನೋ ಖಾಲಿ ಫೈಲ್, ಯೂಸರ್‌ಕಾನ್ಫ್ ಫೈಲ್, ವೈಫೈಗೆ ಡಬ್ಲ್ಯೂಪಿಎ ಸಪ್ಲಿಕೆಂಟ್ ಫೈಲ್ ಮೂರೂ ಇಟ್ಟಿದ್ದೇನೆ. ಕರೆಂಟ್ ಕೊಟ್ಟು ಐದು ನಿಮಿಷ ಬಿಟ್ಟು ರಾಸ್ಪ್‌ಬೆರಿಪೈ ಡಾಟ್ ಲೋಕಲ್‌ಗೆ ಪಿಂಗ್ ಮಾಡಿದರೆ ಉತ್ತರ ಇಲ್ಲ.

ಇಲ್ಲಿಂದ ಮುಂದೆ ದಾರಿ ಕಾಣ್ತಿಲ್ಲ. ಕಾರ್ಡ್ ಓದಲಿಲ್ಲವಾ, ಕರ್ನಲ್ (ಓಎಸ್‌ನ ತಿರುಳು) ನಿಂತಿತಾ, ಎಲ್ಲ ಸರಿಯಾಗಿ ವೈಫೈ ಮಾತ್ರ ಕೈಕೊಟ್ಟಿತಾ? ಮೂರಕ್ಕೂ ನನಗೆ ಕೇಳಿಸೋದು ಒಂದೇ ಮೌನ. ಹಸಿರು ದೀಪ ಎಷ್ಟು ಸಲ ಮಿನುಗಿತು ನೋಡಿ ಅಂತ ಕೈಪಿಡಿಯಲ್ಲಿದೆ. ಸ್ಕ್ರೀನ್ ರೀಡರ್ ಇನ್ನೂ ಹುಟ್ಟದಿರೋ ಈ ಹಂತದಲ್ಲಿ ಬೋರ್ಡ್ ಏನು ಹೇಳ್ತಿದೆ ಅಂತ ಕೇಳೋ ದಾರಿ ಬೇಕು. "ಪಕ್ಕದಲ್ಲಿರೋರಿಗೆ ತೋರಿಸಿ" ಅನ್ನೋ ಉತ್ತರ ದಯವಿಟ್ಟು ಬೇಡ. ಒಂದು ದಿನ ತೋರಿಸಬಹುದು, ಪ್ರತಿ ಸಲ ಕಾರ್ಡ್ ಬದಲಿಸಿದಾಗಲೂ ಆಗಲ್ಲ.

ಇನ್ನೊಂದು ಪ್ರಶ್ನೆ, ಇದೇ ಜಾತಿಯದು: ಒಂದು ಹಳೇ ಡೆಸ್ಕ್‌ಟಾಪ್‌ನಲ್ಲಿ ಯುಎಸ್‌ಬಿಯಿಂದ ಬೂಟ್ ಮಾಡಬೇಕು. ಬಯಾಸ್ (ಓಎಸ್‌ಗೆ ಮುಂಚೆ ಬರೋ ಸೆಟ್ಟಿಂಗ್ ಪರದೆ) ಒಳಗೆ ಮಾತು ಇಲ್ಲ. ಅದಕ್ಕೆ ಏನು ಮಾಡ್ತೀರಿ?

---

ತಾಮ್ರತಂತಿ ಕೊಟ್ಟ ಉತ್ತರ:

ಸೀರಿಯಲ್ ಕನ್ಸೋಲ್ ಹಾಕಿ. ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಅದೊಂದೇ ಅಂತ ನನ್ನ ಅಭಿಪ್ರಾಯ. ದೀಪ ಎಣಿಸೋದು, ಪರದೆಯ ಫೋಟೋ ತೆಗೆದು ಓಸಿಆರ್ ಮಾಡೋದು ಎಲ್ಲ ಚಿತ್ರದಿಂದ ಅಕ್ಷರ ಹೆಕ್ಕೋ ಕೆಲಸ. ಸೀರಿಯಲ್‌ನಲ್ಲಿ ಅಕ್ಷರ ಅಕ್ಷರವಾಗಿಯೇ ಬರುತ್ತೆ. ಕರ್ನಲ್ ಬರೆಯೋ ಒಂದೊಂದು ಸಾಲೂ ನಿಮ್ಮ ಲ್ಯಾಪ್‌ಟಾಪ್‌ನ ಟರ್ಮಿನಲ್‌ಗೆ ಬಂದು ಬೀಳುತ್ತೆ, ಎನ್‌ವಿಡಿಎ ಓದುತ್ತೆ, ಬ್ರೈಲ್ ಡಿಸ್‌ಪ್ಲೇ ಇದ್ದರೆ ಬೆರಳಿಗೂ ಸಿಗುತ್ತೆ.

ಬೇಕಾಗಿರೋದು ಒಂದು ಯುಎಸ್‌ಬಿ ಟು ಟಿಟಿಎಲ್ ಅಡಾಪ್ಟರ್, ಮೂರು ಜಂಪರ್ ವೈರ್, 1 ಕಿಲೋಓಮ್‌ನ ಎರಡು ರೆಸಿಸ್ಟರ್. ಅಡಾಪ್ಟರ್‌ನಲ್ಲಿ ಸಿಪಿ2102 ಚಿಪ್ ಇರೋದನ್ನೇ ಕೇಳಿ ತಗೊಳ್ಳಿ. ಅದರ ಸಿಗ್ನಲ್ ಪಿನ್‌ಗಳು ಕೆಲಸ ಮಾಡೋದೇ 3.3 ವೋಲ್ಟ್‌ನಲ್ಲಿ. ಬೇರೆ ಕೆಲವು ಬೋರ್ಡ್‌ಗಳಲ್ಲಿ 3.3 ಮತ್ತು 5 ವೋಲ್ಟ್ ನಡುವೆ ಬದಲಿಸೋ ಪುಟ್ಟ ಜಂಪರ್ ಇರುತ್ತೆ, ಅದು ಯಾವ ಕಡೆ ಕೂತಿದೆ ಅಂತ ತಡಕಿ ತಿಳಿಯೋದು ಕಷ್ಟ. ಪೈನ ಪಿನ್‌ಗೆ 5 ವೋಲ್ಟ್ ಸಿಗ್ನಲ್ ಹೋದರೆ ಚಿಪ್ಪೇ ಸುಡಬಹುದು.

ಈಗ ಪೈ ಕಡೆ. ಬೋರ್ಡನ್ನು ಯುಎಸ್‌ಬಿ ಮತ್ತು ಈಥರ್ನೆಟ್ ಡಬ್ಬಿಗಳು ನಿಮ್ಮ ಬಲಕ್ಕೆ ಬರೋ ಹಾಗೆ, ಘಟಕಗಳು ಮೇಲ್ಮುಖವಾಗಿ ಇಟ್ಟುಕೊಳ್ಳಿ. 40 ಪಿನ್‌ಗಳ ಹೆಡರ್ ನಿಮ್ಮಿಂದ ದೂರದ ಅಂಚಿನಲ್ಲಿ, ಎಡಮೂಲೆಯಿಂದ ಶುರುವಾಗಿ ಎರಡು ಸಾಲಲ್ಲಿ ಸಿಗುತ್ತೆ. ನಮ್ಮ ಅದೃಷ್ಟಕ್ಕೆ ಬೇಕಾದ ಮೂರೂ ಪಿನ್ ಅಂಚಿನ ಕಡೆಯ ಸಾಲಿನಲ್ಲೇ, ಒಂದರ ಪಕ್ಕ ಒಂದು ಇವೆ. ಎಡಮೂಲೆಯಿಂದ ಎಣಿಸಿ: ಮೊದಲನೆಯದು 5 ವೋಲ್ಟ್, ಎರಡನೆಯದೂ 5 ವೋಲ್ಟ್, ಮೂರನೆಯದು ಗ್ರೌಂಡ್, ನಾಲ್ಕನೆಯದು ಪೈ ಮಾತಾಡೋ ಟಿಎಕ್ಸ್, ಐದನೆಯದು ಪೈ ಕೇಳಿಸಿಕೊಳ್ಳೋ ಆರ್‌ಎಕ್ಸ್. ಚಿತ್ರಗಳಲ್ಲಿ ಕೊಡೋ ನಂಬರ್ ಪ್ರಕಾರ ಇವು 2, 4, 6, 8, 10.

ಅಪಾಯ ಇರೋದು ಮೊದಲ ಎರಡರಲ್ಲಿ. ಒಂದು ಪಿನ್ ತಪ್ಪಿ ಗ್ರೌಂಡ್ ವೈರ್ 5 ವೋಲ್ಟ್ ಮೇಲೆ ಕೂತರೆ ನೇರ ಶಾರ್ಟ್. ಹಾಗಾಗಿ ವೈರ್‌ಗಳನ್ನು ಬಿಡಿಬಿಡಿಯಾಗಿ ಸಿಕ್ಕಿಸೋಕೆ ಹೋಗಬೇಡಿ. ಐದು ತೂತಿನ ಒಂದೇ ಸಾಲಿನ ಡುಪಾಂಟ್ ಹೌಸಿಂಗ್ ತಗೊಳ್ಳಿ, ಕಪ್ಪು ಪ್ಲಾಸ್ಟಿಕ್ ತುಂಡು ಅಷ್ಟೇ. ಮೊದಲ ಎರಡು ತೂತು ಖಾಲಿ ಬಿಟ್ಟು ಮೂರು, ನಾಲ್ಕು, ಐದಕ್ಕೆ ವೈರ್ ತುದಿ ಹಾಕಿ. ಜಂಪರ್ ವೈರ್‌ನ ತುದಿಯ ಕಪ್ಪು ಟೊಪ್ಪಿಯಲ್ಲಿ ಒಂದು ಪುಟ್ಟ ನಾಲಿಗೆ ಇರುತ್ತೆ, ಅದನ್ನು ಸೂಜಿಯಿಂದ ಎತ್ತಿದರೆ ಟೊಪ್ಪಿ ಕಳಚುತ್ತೆ, ಲೋಹದ ತುದಿಯನ್ನು ಹೊಸ ಹೌಸಿಂಗ್‌ಗೆ ತಳ್ಳಿದರೆ ಟಕ್ ಅಂತ ಕೂರುತ್ತೆ. ಖಾಲಿ ತೂತಿನ ತುದಿಗೆ ಒಂದು ಸುತ್ತು ಟೇಪ್ ಹಾಕಿ, ಯಾವ ಕಡೆ ಮೂಲೆಗೆ ಬರಬೇಕು ಅಂತ ಬೆರಳಿಗೆ ಗೊತ್ತಾಗಲಿ. ಈ ತುಂಡನ್ನು ಅಂಚಿನ ಸಾಲಿಗೆ, ಮೂಲೆಗೆ ಸಮನಾಗಿ ಒತ್ತಿ. ಸರಿಯಾಗಿ ಕೂತಿದ್ದರೆ ಮೂಲೆಯಲ್ಲಿ ಅಂಚಿನ ಸಾಲಿನ ಪಿನ್ ಹೊರಗೆ ಚುಚ್ಚಬಾರದು, ಹೌಸಿಂಗ್ ಹೆಡರ್‌ನ ಆಚೆ ಚಾಚಿಯೂ ಇರಬಾರದು. ಎರಡನ್ನೂ ಉಗುರಿನಿಂದ ನೋಡಿ, ಆಮೇಲೆ ಕರೆಂಟ್.

ಅಡಾಪ್ಟರ್ ಕಡೆ ಗ್ರೌಂಡ್‌ಗೆ ಗ್ರೌಂಡ್. ಪೈನ ಟಿಎಕ್ಸ್ ಅಡಾಪ್ಟರ್‌ನ ಆರ್‌ಎಕ್ಸ್‌ಗೆ, ಪೈನ ಆರ್‌ಎಕ್ಸ್ ಅಡಾಪ್ಟರ್‌ನ ಟಿಎಕ್ಸ್‌ಗೆ, ಅಡ್ಡಡ್ಡ. ಅಡಾಪ್ಟರ್‌ನ 5 ವೋಲ್ಟ್ ಪಿನ್ ಎಲ್ಲಿಗೂ ಹೋಗಬಾರದು, ಪೈಗೆ ಅದರದೇ ಚಾರ್ಜರ್ ಇರಲಿ. ಬರೀ ಕೇಳಿಸಿಕೊಳ್ಳೋಕೆ ಎರಡೇ ವೈರ್ ಸಾಕು, ಗ್ರೌಂಡ್ ಮತ್ತು ಪೈನ ಟಿಎಕ್ಸ್. ಮೊದಲ ಸಲ ಅಷ್ಟೇ ಮಾಡಿ.

ಕಾರ್ಡ್‌ನ ಬೂಟ್ ವಿಭಾಗದಲ್ಲಿ ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ ತೆರೆದು ಕೊನೆಯಲ್ಲಿ ಒಂದು ಸಾಲು ಸೇರಿಸಿ: ಎನೇಬಲ್, ಅಂಡರ್‌ಸ್ಕೋರ್, ಯುಎಆರ್‌ಟಿ, ಈಕ್ವಲ್, 1. ಎಲ್ಲ ಸಣ್ಣಕ್ಷರ, ನಡುವೆ ಸ್ಪೇಸ್ ಇಲ್ಲ. ಯುಎಆರ್‌ಟಿ ಅಂದರೆ ಸೀರಿಯಲ್ ಸಂದೇಶ ಕಳಿಸಿ ಪಡೆಯೋ ಭಾಗ. ಪೈ 4ರಲ್ಲಿ ಒಳ್ಳೆಯ ಯುಎಆರ್‌ಟಿಯನ್ನು ಬ್ಲೂಟೂತ್ ತಗೊಂಡಿರುತ್ತೆ, ಈ ಪಿನ್‌ಗಳಿಗೆ ಸಿಗೋದು ಮಿನಿ ಯುಎಆರ್‌ಟಿ. ಅದರ ವೇಗ ಕೋರ್ ಕ್ಲಾಕ್‌ಗೆ ಅಂಟಿಕೊಂಡಿದೆ, ಕ್ಲಾಕ್ ಏರಿಳಿದರೆ ಅಕ್ಷರಗಳೂ ಕೆಡುತ್ತವೆ. ಈ ಸಾಲು ಯುಎಆರ್‌ಟಿಯನ್ನು ಎಬ್ಬಿಸಿ ಕ್ಲಾಕನ್ನೂ ಒಂದೇ ಕಡೆ ನಿಲ್ಲಿಸುತ್ತೆ. ಕಮಾಂಡ್‌ಲೈನ್ ಡಾಟ್ ಟಿಎಕ್ಸ್‌ಟಿಯಲ್ಲಿ ಸೀರಿಯಲ್0 ಕನ್ಸೋಲ್ ಮೊದಲೇ ಇರುತ್ತೆ, ಅದನ್ನು ಮುಟ್ಟಬೇಡಿ. ಆ ಫೈಲ್ ಇಡೀ ಒಂದೇ ಸಾಲಲ್ಲಿರಬೇಕು, ಅಪ್ಪಿತಪ್ಪಿ ಎಂಟರ್ ಬಿದ್ದರೆ ಬೂಟೇ ಆಗದಿರಬಹುದು.

ಪುಟ್ಟಿ ಅನ್ನೋ ಟರ್ಮಿನಲ್ ತಂತ್ರಾಂಶದಲ್ಲಿ ಸೀರಿಯಲ್ ಆರಿಸಿ, ಡಿವೈಸ್ ಮ್ಯಾನೇಜರ್‌ನಲ್ಲಿ ಸಿಕ್ಕ ಕಾಮ್ ಪೋರ್ಟ್ ನಂಬರ್ ಕೊಟ್ಟು, ವೇಗ 115200 ಮಾಡಿ. ಎಡಗಡೆ ಟ್ರೀಯಲ್ಲಿ ಕನೆಕ್ಷನ್ ಕೆಳಗಿರೋ ಸೀರಿಯಲ್ ಪುಟಕ್ಕೆ ಹೋಗಿ ಫ್ಲೋ ಕಂಟ್ರೋಲ್ ನನ್ ಅಂತ ಬದಲಿಸಿ, ಮೊದಲೇ ಇರೋದು ಎಕ್ಸ್‌ಆನ್ ಎಕ್ಸ್‌ಆಫ್. ಲಾಗಿಂಗ್ ಪುಟದಲ್ಲಿ ಪ್ರಿಂಟಬಲ್ ಔಟ್‌ಪುಟ್ ಆರಿಸಿ ಫೈಲ್ ಹೆಸರು ಕೊಡೋದನ್ನು ಮಾತ್ರ ಮರೀಬೇಡಿ. ಬೂಟ್ ಆಗುವಾಗ ನೂರಾರು ಸಾಲು ಒಂದೇ ಉಸಿರಿಗೆ ಬರುತ್ತವೆ, ಸ್ಕ್ರೀನ್ ರೀಡರ್‌ನ ಯಾವ ಧ್ವನಿಯೂ ಅದನ್ನು ಹಿಡಿಯಲಾರದು. ಎನ್‌ವಿಡಿಎ ಕೀ ಜೊತೆ 5 ಒತ್ತಿ ಡೈನಮಿಕ್ ಬದಲಾವಣೆ ಓದೋದನ್ನು ನಿಲ್ಲಿಸಿ, ಒಂದು ನಿಮಿಷ ಬಿಟ್ಟು ಲಾಗ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಕೊನೆಯಿಂದ ಮೇಲಕ್ಕೆ ಓದಿ. ಎಲ್ಲಿ ನಿಂತಿದೆ ಅನ್ನೋದು ಕೊನೇ ಹತ್ತು ಸಾಲಲ್ಲೇ ಇರುತ್ತೆ.

---

ಕಾರ್ಡುಕೋಟೆ ಕೊಟ್ಟ ಉತ್ತರ:

ತಾಮ್ರತಂತಿಯವರು ಹೇಳಿದ್ದೆಲ್ಲ ಸರಿ. ಆದರೆ ಅಡಾಪ್ಟರ್ ಕೈಗೆ ಬರೋ ಮುಂಚೆ ಕಾರ್ಡ್ ಒಮ್ಮೆ ನೋಡಿಬಿಡಿ.

ನಿಮ್ಮ ಪಟ್ಟಿಯಲ್ಲಿ ಡಬ್ಲ್ಯೂಪಿಎ ಸಪ್ಲಿಕೆಂಟ್ ಫೈಲ್ ಇದೆ. ಅದು ಹಳೇ ಪದ್ಧತಿ. 2023ರಲ್ಲಿ ಬಂದ ಬುಕ್‌ವರ್ಮ್, ಸಂಪರ್ಕ ನೋಡಿಕೊಳ್ಳೋಕೆ ನೆಟ್‌ವರ್ಕ್ ಮ್ಯಾನೇಜರ್ ಅನ್ನೋ ತಂತ್ರಾಂಶಕ್ಕೆ ಬದಲಾಯಿತು, ಬೂಟ್ ವಿಭಾಗದಲ್ಲಿಟ್ಟ ಆ ಫೈಲನ್ನು ಈಗ ಓದೋದಿಲ್ಲ. ಈಥರ್ನೆಟ್ ಕೇಬಲ್ ಇದ್ದರೆ ರೂಟರ್‌ಗೆ ಸಿಕ್ಕಿಸಿ ನೋಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯಬಹುದು.

ಎರಡನೆಯದು ಯೂಸರ್‌ಕಾನ್ಫ್ ಡಾಟ್ ಟಿಎಕ್ಸ್‌ಟಿ. 2022ರ ಏಪ್ರಿಲ್‌ನಿಂದ ಪೈ ಅನ್ನೋ ಡೀಫಾಲ್ಟ್ ಬಳಕೆದಾರನನ್ನು ತೆಗೆದುಹಾಕಿದ್ದಾರೆ, ಈ ಫೈಲ್ ಇಲ್ಲದಿದ್ದರೆ ಲಾಗಿನ್ ಆಗೋಕೆ ಯಾರೂ ಇರಲ್ಲ. ಒಳಗೆ ಒಂದೇ ಸಾಲು: ಬಳಕೆದಾರನ ಹೆಸರು, ಕೋಲನ್, ಎನ್‌ಕ್ರಿಪ್ಟ್ ಆದ ಪಾಸ್‌ವರ್ಡ್. ಮಾಮೂಲಿ ಪಾಸ್‌ವರ್ಡ್ ಬರೆದರೆ ನಡೆಯಲ್ಲ. ಗಿಟ್ ಫಾರ್ ವಿಂಡೋಸ್ ಜೊತೆ ಬರೋ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಪಾಸ್‌ಡಬ್ಲ್ಯೂಡಿ, ಸ್ಪೇಸ್, ಮೈನಸ್ 6 ಕೊಟ್ಟು ಪಾಸ್‌ವರ್ಡ್ ಎರಡು ಸಲ ಟೈಪ್ ಮಾಡಿದರೆ ಡಾಲರ್ ಚಿಹ್ನೆಯಿಂದ ಶುರುವಾಗೋ ಉದ್ದದ ಸಾಲು ಬರುತ್ತೆ. ಅದನ್ನೇ ಕಾಪಿ ಮಾಡಿ.

ಫೈಲ್ ಹೆಸರಲ್ಲಿ ಎಡವೋರು ಬಹಳ. ವಿಂಡೋಸ್ ಎಕ್ಸ್‌ಟೆನ್ಷನ್ ಮುಚ್ಚಿಟ್ಟಿರುವಾಗ ಹೊಸ ಟೆಕ್ಸ್ಟ್ ಡಾಕ್ಯುಮೆಂಟ್ ಮಾಡಿ ಪೂರ್ತಿ ಹೆಸರು ಕೊಟ್ಟರೆ ಕೊನೆಗೆ ಡಾಟ್ ಟಿಎಕ್ಸ್‌ಟಿ ಎರಡು ಸಲ ಸೇರುತ್ತೆ. ಎಕ್ಸ್‌ಪ್ಲೋರರ್‌ನಲ್ಲಿ ಎನ್‌ವಿಡಿಎ ಒಂದೇ ಸಲ ಓದುತ್ತೆ, ಸರಿ ಇದೆ ಅನ್ನಿಸುತ್ತೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಡಿಐಆರ್ ಹಾಕಿ ಓದಿಸಿ, ನಿಜವಾದ ಹೆಸರು ಅಲ್ಲಿ ತಿಳಿಯುತ್ತೆ.

ಕಾರ್ಡ್ ಸಿಕ್ಕಿಸಿದ ಕೂಡಲೇ "ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು" ಅಂತ ವಿಂಡೋಸ್ ಒಂದು ಡಬ್ಬಿ ತೋರಿಸುತ್ತೆ. ಲಿನಕ್ಸ್ ವಿಭಾಗ ಅದಕ್ಕೆ ಅರ್ಥ ಆಗದೇ ಇರೋದರಿಂದ ಬರೋ ಮಾತು ಅದು. ಅಭ್ಯಾಸಬಲದಿಂದ ಎಂಟರ್ ಒತ್ತಬೇಡಿ, ಎಸ್ಕೇಪ್ ಒತ್ತಿ. ಕೆಲವೊಮ್ಮೆ ಬೂಟ್ ವಿಭಾಗದ ಕಿಟಕಿ ತೆರೆದು ಫೋಕಸ್ ಅಲ್ಲಿಗೆ ಹೋದ ಮೇಲೆ ಈ ಡಬ್ಬಿ ಹಿಂದೆ ಉಳಿದುಬಿಡುತ್ತೆ, ಆಲ್ಟ್ ಟ್ಯಾಬ್ ಮಾಡಿ ಹುಡುಕಿ ಮುಚ್ಚಿ.

---

ಆರುಚುಕ್ಕಿ:

ಇಬ್ಬರಿಗೂ ಧನ್ಯವಾದ. ಡಿಐಆರ್‌ನಲ್ಲಿ ಹೆಸರುಗಳು ಸರಿಯಾಗಿವೆ. ಈಥರ್ನೆಟ್‌ಗೆ ರೂಟರ್ ದೂರ. ಸಿಪಿ2102 ಅಡಾಪ್ಟರ್ ಸಿಕ್ಕಿದೆ, ಐದು ಪಿನ್ ಇವೆ. ಯಾವುದು ಯಾವುದು ಅಂತ ಬರೆದಿರೋದು ಬೋರ್ಡ್ ಮೇಲೆ ಮುದ್ರಿಸಿದ ಅಕ್ಷರದಲ್ಲಿ, ಬೆರಳಿಗೆ ಸಿಗಲ್ಲ. ಫೋನ್‌ನ ಓಸಿಆರ್ ಒಂದೊಂದು ಸಲ ಒಂದೊಂದು ಓದ್ತಿದೆ. ಬೀಪ್ ಮಾಡೋ ಮಲ್ಟಿಮೀಟರ್ ಇದೆ, ಮಾತಾಡೋದಲ್ಲ.

---

ತಾಮ್ರತಂತಿ:

ಬೀಪ್ ಸಾಕು. ಅಷ್ಟು ಸಣ್ಣ ಅಕ್ಷರಕ್ಕೆ ಓಸಿಆರ್ ನಂಬಬೇಡಿ, ಟಿಎಕ್ಸ್ ಮತ್ತು ಆರ್‌ಎಕ್ಸ್ ನಡುವೆ ಒಂದೇ ಅಕ್ಷರದ ವ್ಯತ್ಯಾಸ.

ಮೊದಲು ಗ್ರೌಂಡ್. ಅಡಾಪ್ಟರನ್ನು ಲ್ಯಾಪ್‌ಟಾಪ್‌ನಿಂದ ಕಿತ್ತು, ಮೀಟರನ್ನು ಕಂಟಿನ್ಯುಟಿಗೆ ತಿರುಗಿಸಿ. ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿದಾಗ ಕೂಗಿದರೆ ನಾಬ್ ಸರಿಯಾದ ಜಾಗದಲ್ಲಿದೆ. ಒಂದು ಪ್ರೋಬ್ ಯುಎಸ್‌ಬಿ ತುದಿಯ ಲೋಹದ ಕವಚಕ್ಕೆ ಒತ್ತಿ, ಇನ್ನೊಂದನ್ನು ಪಿನ್‌ಗಳ ಮೇಲೆ ಒಂದೊಂದಾಗಿ ಇಡಿ. ಕೂಗಿದ್ದು ಗ್ರೌಂಡ್. ಸಾಮಾನ್ಯವಾಗಿ ಇಂಥ ಬೋರ್ಡ್‌ಗಳಲ್ಲಿ ಕವಚ ಗ್ರೌಂಡ್‌ಗೇ ಸೇರಿರುತ್ತೆ. ಅದರ ವೈರ್‌ಗೆ ಒಂದು ಗಂಟು ಹಾಕಿ.

ಉಳಿದ ನಾಲ್ಕರಲ್ಲಿ ಎರಡು ವಿದ್ಯುತ್ತಿನವು, 5 ವೋಲ್ಟ್ ಮತ್ತು 3.3 ವೋಲ್ಟ್. ಇನ್ನೆರಡು ಟಿಎಕ್ಸ್, ಆರ್‌ಎಕ್ಸ್. ಈ ಜೋಡಿಯನ್ನು ಲೂಪ್‌ಬ್ಯಾಕ್‌ನಿಂದ ಹಿಡಿಯಬಹುದು. 1 ಕಿಲೋಓಮ್ ರೆಸಿಸ್ಟರ್‌ನ ಎರಡು ಕಾಲಿಗೆ ಎರಡು ಹೆಣ್ಣು ಜಂಪರ್ ಸಿಕ್ಕಿಸಿಕೊಳ್ಳಿ. ಅಡಾಪ್ಟರ್ ಲ್ಯಾಪ್‌ಟಾಪ್‌ಗೆ ಹಾಕಿ, ಪುಟ್ಟಿ ತೆರೆದು, ಜಂಪರ್‌ಗಳನ್ನು ಎರಡೆರಡು ಪಿನ್‌ಗೆ ಜೋಡಿಸುತ್ತಾ ಪ್ರತಿ ಜೋಡಿಗೂ 12345 ಅಂತ ಟೈಪ್ ಮಾಡಿ. ಟಿಎಕ್ಸ್‌ನಿಂದ ಹೊರಟಿದ್ದು ಆರ್‌ಎಕ್ಸ್‌ಗೆ ಬಂದರೆ ಮಾತ್ರ ಆ ಅಂಕಿಗಳು ಪರದೆ ಮೇಲೆ ಮೂಡುತ್ತವೆ. ರೆಸಿಸ್ಟರ್ ಇರೋದರಿಂದ 5 ವೋಲ್ಟ್ ಮತ್ತು 3.3 ವೋಲ್ಟ್ ಜೋಡಿ ಕೈಗೆ ಬಂದರೂ ಹರಿಯೋದು 2 ಮಿಲಿಆಂಪಿಗಿಂತ ಕಡಿಮೆ, ಏನೂ ಆಗಲ್ಲ. ಬರೀ ವೈರ್‌ನಿಂದ ಈ ಪರೀಕ್ಷೆ ಯಾವತ್ತೂ ಮಾಡಬೇಡಿ.

ಇಲ್ಲಿ ಎನ್‌ವಿಡಿಎ ಒಂದು ದಾರಿ ತಪ್ಪಿಸುತ್ತೆ. ಟೈಪ್ ಮಾಡಿದ ಅಕ್ಷರ ಓದೋ ಆಯ್ಕೆ ಆನ್ ಇದ್ದರೆ ನೀವು ಒತ್ತಿದ ಕೀಲಿಯನ್ನೇ ಕೇಳಿಸಿಕೊಂಡು ಉತ್ತರ ಬಂತು ಅಂದುಕೊಳ್ಳಬಹುದು. ಎನ್‌ವಿಡಿಎ ಕೀ ಜೊತೆ 2 ಒತ್ತಿ ಅದನ್ನು ಆಫ್ ಮಾಡಿ. ಆಮೇಲೆ ನಂಬರ್‌ಪ್ಯಾಡ್ 8ರಿಂದ, ಲ್ಯಾಪ್‌ಟಾಪ್ ಲೇಔಟ್ ಆದರೆ ಎನ್‌ವಿಡಿಎ, ಶಿಫ್ಟ್ ಮತ್ತು ಫುಲ್‌ಸ್ಟಾಪ್‌ನಿಂದ, ಆ ಸಾಲನ್ನು ಓದಿಸಿ. 12345 ಅಲ್ಲಿದ್ದರೆ ಜೋಡಿ ಸಿಕ್ಕಿತು.

ಆ ಎರಡರಲ್ಲಿ ಟಿಎಕ್ಸ್ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಒಂದೊಂದು ವೈರ್‌ಗೂ ಸಾಲಾಗಿ (ಸೀರೀಸ್‌ನಲ್ಲಿ) ಒಂದೊಂದು 1 ಕಿಲೋಓಮ್ ಹಾಕಿಯೇ ಪೈಗೆ ಜೋಡಿಸಿ. 115200 ವೇಗಕ್ಕೆ ಅದು ಅಡ್ಡಿಯಲ್ಲ, ಟಿಎಕ್ಸ್‌ಗೆ ಟಿಎಕ್ಸ್ ಎದುರಾದರೂ ಚಿಪ್ ಉಳಿಯುತ್ತೆ. ಲಾಗ್ ಖಾಲಿ ಬಂದರೆ ಕರೆಂಟ್ ತೆಗೆದು ಎರಡನ್ನೂ ಅದಲುಬದಲು ಮಾಡಿ.

ಬಂದದ್ದು ಅರ್ಥವಿಲ್ಲದ ಚಿಹ್ನೆಗಳಾದರೆ ವೇಗ ತಪ್ಪಿದೆ, ಇಲ್ಲ ಗ್ರೌಂಡ್ ಸಡಿಲ ಇದೆ. ಲೂಪ್‌ಬ್ಯಾಕ್ ಸರಿ ಇದ್ದು, ಅದಲುಬದಲು ಮಾಡಿದರೂ ಒಂದಕ್ಷರವೂ ಬರದಿದ್ದರೆ ಮತ್ತೆ ಕಾನ್ಫಿಗ್ ಫೈಲಿನ ಆ ಸಾಲು ನೋಡಿ. ಅದೂ ಸರಿ ಇದ್ದರೆ ಬೋರ್ಡ್ ಕರ್ನಲ್‌ವರೆಗೂ ಹೋಗಿಲ್ಲ ಅಂತ ಅರ್ಥ: ಕಾರ್ಡ್ ಕೂತಿಲ್ಲ, ಇಮೇಜ್ ಸರಿಯಾಗಿ ಬರೆದಿಲ್ಲ, ಅಥವಾ ಚಾರ್ಜರ್ ಸಾಲುತ್ತಿಲ್ಲ. ಪೈ 4ಕ್ಕೆ 5 ವೋಲ್ಟ್, 3 ಆಂಪ್ ಬೇಕು. ತುಂಬ ಮೊದಲಿನ ಪೈ 4 ಬೋರ್ಡ್‌ಗಳಲ್ಲಿ ಇನ್ನೊಂದು ದೋಷ ಇತ್ತು, ಒಳಗೆ ಗುರುತಿನ ಚಿಪ್ ಇರೋ ಯುಎಸ್‌ಬಿ ಸಿ ಕೇಬಲ್ ಹಾಕಿದರೆ ಚಾರ್ಜರ್ ಕರೆಂಟೇ ಕೊಡ್ತಿರಲಿಲ್ಲ. ಸಾದಾ ಕೇಬಲ್ ಹಾಕಿದರೆ ಸರಿಹೋಗುತ್ತೆ.

ಪುಟ್ಟಿಗೆ ಒಂದು ಪ್ರತ್ಯೇಕ ಎನ್‌ವಿಡಿಎ ಪ್ರೊಫೈಲ್ ಮಾಡಿಡಿ, ಎನ್‌ವಿಡಿಎ ಕಂಟ್ರೋಲ್ ಪಿ ಒತ್ತಿದರೆ ಆ ಡಬ್ಬಿ ಬರುತ್ತೆ. ಅದರಲ್ಲಿ ಇಂಗ್ಲಿಷ್ ಧ್ವನಿ, ಚಿಹ್ನೆಗಳ ಮಟ್ಟ "ಎಲ್ಲ". ಕನ್ನಡ ಧ್ವನಿಯಲ್ಲಿ ಕರ್ನಲ್ ಲಾಗ್ ಕೇಳಿದರೆ ಕೋಲನ್, ಹೈಫನ್ ಎಲ್ಲಿ ನುಂಗಿತು ಅಂತ ಗೊತ್ತಾಗಲ್ಲ.

---

ಗುಂಯ್‌ಗುಡು ಕೊಟ್ಟ ಉತ್ತರ:

ಸೀರಿಯಲ್ ಜೊತೆಗೆ ಒಂದು ಬಜರ್ ಕೂಡ ಹಾಕಿಕೊಳ್ಳಿ ಅನ್ನೋದು ನನ್ನ ಸಲಹೆ. ಲ್ಯಾಪ್‌ಟಾಪ್ ತೆರೆಯದೇ ಬೋರ್ಡ್ ಜೀವಂತ ಇದೆಯಾ ಅಂತ ಕೋಣೆಯ ಆ ಕಡೆಯಿಂದಲೇ ಕೇಳಬಹುದು.

ಕಾನ್ಫಿಗ್ ಫೈಲಿಗೆ ಒಂದು ಸಾಲು: ಡಿಟಿಓವರ್‌ಲೇ, ಈಕ್ವಲ್, ಜಿಪಿಐಓ ಹೈಫನ್ ಎಲ್‌ಇಡಿ, ಕಾಮಾ, ಜಿಪಿಐಓ ಈಕ್ವಲ್ 17, ಕಾಮಾ, ಲೇಬಲ್ ಈಕ್ವಲ್ ಬಜರ್, ಕಾಮಾ, ಟ್ರಿಗರ್ ಈಕ್ವಲ್ ಹಾರ್ಟ್‌ಬೀಟ್. ಎಲ್ಲೂ ಸ್ಪೇಸ್ ಬೇಡ. ಹೆಸರಲ್ಲಿ ಎಲ್‌ಇಡಿ ಇದ್ದರೂ ಆ ಪಿನ್‌ಗೆ ಏನು ಬೇಕಾದರೂ ಕೂರಿಸಬಹುದು. ಕರ್ನಲ್ ಎದ್ದ ಮೇಲೆ ಆ ಪಿನ್ ಜೋಡಿಬಡಿತದಲ್ಲಿ ಆನ್ ಆಫ್ ಆಗುತ್ತೆ. ಕೆಲಸದ ಹೊರೆ ಹೆಚ್ಚಾದಂತೆ ಬಡಿತವೂ ಚುರುಕಾಗುತ್ತೆ, ಕರ್ನಲ್ ಬಿದ್ದರೆ ನಿಲ್ಲುತ್ತೆ.

ಜಿಪಿಐಓ 17 ಇರೋದು ಒಳಸಾಲಿನಲ್ಲಿ, ಅದೇ ಎಡಮೂಲೆಯಿಂದ ಆರನೆಯದು. ಅದರ ಹಿಂದಿನ ಐದನೆಯದು ಗ್ರೌಂಡ್. ಒಂದು ಪಿನ್ 16 ಮಿಲಿಆಂಪಿಗಿಂತ ಹೆಚ್ಚು ಕೊಡಬಾರದು, ಸಾಮಾನ್ಯ 5 ವೋಲ್ಟ್ ಆ್ಯಕ್ಟಿವ್ ಬಜರ್ 30 ಮಿಲಿಆಂಪ್ ಆಸುಪಾಸು ಎಳೆಯುತ್ತೆ. ಹಾಗಾಗಿ ನಡುವೆ ಬಿಸಿ547 ಟ್ರಾನ್ಸಿಸ್ಟರ್ ಇರಲಿ. ಅದಕ್ಕೊಂದು ಚಪ್ಪಟೆ ಮುಖ ಇದೆ, ಬೆರಳಿಗೆ ಚೆನ್ನಾಗಿ ಸಿಗುತ್ತೆ. ಚಪ್ಪಟೆ ಮುಖ ನಿಮ್ಮ ಕಡೆ, ಕಾಲುಗಳು ಕೆಳಗೆ ಇಟ್ಟರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎಮಿಟರ್ ಗ್ರೌಂಡ್‌ಗೆ, ಬೇಸ್ 1 ಕಿಲೋಓಮ್ ಮೂಲಕ ಜಿಪಿಐಓ 17ಕ್ಕೆ, ಕಲೆಕ್ಟರ್ ಬಜರ್‌ನ ಗಿಡ್ಡ ಕಾಲಿಗೆ. ಬಜರ್‌ನ ಉದ್ದ ಕಾಲು ಅಂಚಿನ ಸಾಲಿನ ಮೊದಲ ಪಿನ್, ಅಂದರೆ 5 ವೋಲ್ಟ್‌ಗೆ. ಇದಕ್ಕಾಗಿ ತಾಮ್ರತಂತಿಯವರ ಐದು ತೂತಿನ ಹೌಸಿಂಗ್‌ನ ಮೊದಲ ತೂತಿಗೇ ಈ ವೈರ್ ಸೇರಿಸಿದರೆ ಬೇರೆ ಕನೆಕ್ಟರ್ ಬೇಕಿಲ್ಲ.

ಅಂಗಡಿಯಲ್ಲಿ ಆ್ಯಕ್ಟಿವ್ ಬಜರ್ ಅಂತಲೇ ಕೇಳಿ. ಪ್ಯಾಸಿವ್ ಆದರೆ ಬರೀ ಟಿಕ್ ಟಿಕ್ ಅನ್ನುತ್ತೆ. ಕಿರಿಕಿರಿಯಾದರೆ ಬಾಯಿಗೆ ಟೇಪ್ ಅಂಟಿಸಿ, ದನಿ ಸಾಕಷ್ಟು ತಗ್ಗುತ್ತೆ.

ದೀಪ ಎಣಿಸೋ ವಿಷಯ ಕೇಳಿದ್ದಿರಿ. ಸೀಯಿಂಗ್ ಎಐ ಆ್ಯಪ್‌ನಲ್ಲಿ ಬೆಳಕನ್ನು ದನಿಯಾಗಿಸೋ ಆಯ್ಕೆ ಇದೆ ನಿಜ. ಆದರೆ ಹಸಿರು ದೀಪದ ಪಕ್ಕದಲ್ಲೇ ಕೆಂಪು ದೀಪ ಸದಾ ಉರಿಯುತ್ತಿರುತ್ತೆ, ಅದನ್ನು ಟೇಪ್‌ನಿಂದ ಮುಚ್ಚದೇ ಲೆಕ್ಕ ಸಿಗಲ್ಲ. ನಾನಾದರೆ ಆ ಗೋಜಿಗೆ ಹೋಗಲ್ಲ.

---

ಆರುಚುಕ್ಕಿ:

ಲಾಗ್ ಬಂತು! ಇಡೀ ಬೂಟ್ ಅಕ್ಷರ ಅಕ್ಷರವಾಗಿ ಓದಿದೆ. ಕೊನೆಯಲ್ಲಿ ಲಾಗಿನ್ ಪ್ರಾಂಪ್ಟ್ ಇದೆ, ಆರ್‌ಎಕ್ಸ್ ವೈರ್ ಕೂಡ ಹಾಕಿ ಲಾಗಿನ್ ಆದೆ. ಅಂದರೆ ಇಷ್ಟು ಹೊತ್ತೂ ಬೋರ್ಡ್ ಎದ್ದು ಕೂತಿತ್ತು. ಲಾಗಿನ್ ಆದ ಕೂಡಲೇ ವೈಫೈಯನ್ನು ಆರ್‌ಎಫ್‌ಕಿಲ್ ತಡೆದಿದೆ, ದೇಶ ನಿಗದಿ ಮಾಡಲು ರಾಸ್ಪಿ ಕಾನ್ಫಿಗ್ ಬಳಸಿ ಅನ್ನೋ ಸಾಲು ಬರುತ್ತಿದೆ. ರಾಸ್ಪಿ ಕಾನ್ಫಿಗ್ ತೆರೆದರೆ ಎನ್‌ವಿಡಿಎ ಗೆರೆ, ಚೌಕ, ಅರ್ಧಂಬರ್ಧ ಪದ ಓದ್ತಿದೆ. ಯಾವ ಆಯ್ಕೆ ಮೇಲಿದ್ದೇನೆ ಅಂತ ತಿಳಿಯಲ್ಲ. ಲಾಗ್‌ನಲ್ಲಿ ಒಂದು ಕಡೆ ಅಂಡರ್‌ವೋಲ್ಟೇಜ್ ಅಂತಲೂ ಇದೆ.

---

ಕಾರ್ಡುಕೋಟೆ:

ರಾಸ್ಪಿ ಕಾನ್ಫಿಗ್‌ನ ಮೆನು ತೆರೆಯಲೇಬೇಡಿ. ಅದು ಅಕ್ಷರಗಳಿಂದ ಬಿಡಿಸಿದ ಚಿತ್ರ, ಆಯ್ಕೆಯನ್ನು ಬಣ್ಣದಿಂದ ಮಾತ್ರ ತೋರಿಸುತ್ತೆ. ಅದೇ ಕೆಲಸ ಒಂದೇ ಸಾಲಲ್ಲಿ ಆಗುತ್ತೆ: ಸುಡೋ, ರಾಸ್ಪಿ ಹೈಫನ್ ಕಾನ್ಫಿಗ್, ನಾನ್‌ಇಂಟ್, ಆಮೇಲೆ ಡು ಅಂಡರ್‌ಸ್ಕೋರ್ ವೈಫೈ ಅಂಡರ್‌ಸ್ಕೋರ್ ಕಂಟ್ರಿ, ಕೊನೆಗೆ ನಿಮ್ಮ ದೇಶದ ಎರಡಕ್ಷರದ ಕೋಡ್ ದೊಡ್ಡಕ್ಷರದಲ್ಲಿ. ಮೊದಲ ಮೂರು ಪದಗಳಲ್ಲಿ ಪ್ರತಿಯೊಂದರ ನಂತರ, ಕೋಡ್‌ಗೆ ಮುಂಚೆ ಸ್ಪೇಸ್. ದೇಶ ಹೇಳದೇ ರೇಡಿಯೋ ತೆರೆಯಬಾರದು ಅಂತ ಈ ತಡೆ ಇಟ್ಟಿದ್ದಾರೆ, ಯಾಕೆಂದರೆ ಯಾವ ಚಾನಲ್ ಬಳಸಬಹುದು ಅನ್ನೋದು ದೇಶದಿಂದ ದೇಶಕ್ಕೆ ಬೇರೆ.

ಆಮೇಲೆ ಸುಡೋ, ಎನ್‌ಎಂಸಿಎಲ್‌ಐ, ಎರಡು ಹೈಫನ್ ಸೇರಿಸಿ ಆಸ್ಕ್, ಡಿವೈಸ್, ವೈಫೈ, ಕನೆಕ್ಟ್, ಕೊಟೇಶನ್ ಒಳಗೆ ವೈಫೈ ಹೆಸರು. ಪಾಸ್‌ವರ್ಡ್ ಅದೇ ಕೇಳುತ್ತೆ, ಹೀಗಾಗಿ ಕಮಾಂಡ್ ಹಿಸ್ಟರಿಯಲ್ಲಿ ಉಳಿಯಲ್ಲ.

ಅಂಡರ್‌ವೋಲ್ಟೇಜ್‌ಗೆ: ವಿಸಿಜೆನ್‌ಸಿಎಂಡಿ, ಸ್ಪೇಸ್, ಗೆಟ್ ಅಂಡರ್‌ಸ್ಕೋರ್ ಥ್ರಾಟಲ್ಡ್. ಉತ್ತರ 0ಎಕ್ಸ್0 ಬಂದರೆ ಚಿಂತೆ ಇಲ್ಲ. 0ಎಕ್ಸ್50000 ಬಂದರೆ ಬೂಟ್ ಆದ ಮೇಲೆ ಯಾವಾಗಲೋ ವೋಲ್ಟೇಜ್ ಕುಸಿದು ವೇಗ ತಗ್ಗಿತ್ತು. ಕೊನೇ ಅಂಕಿ 5 ಆಗಿದ್ದರೆ ಈ ಕ್ಷಣವೂ ಕುಸಿದಿದೆ. 4.63 ವೋಲ್ಟ್ ಆಸುಪಾಸಿಗೆ ಇಳಿದರೆ ಈ ಎಚ್ಚರಿಕೆ ಬರುತ್ತೆ. ಬಹುಪಾಲು ಚಾರ್ಜರ್‌ಗಿಂತ ಕೇಬಲ್‌ನದೇ ತಪ್ಪು, ತೆಳ್ಳಗಿನ ಉದ್ದ ಕೇಬಲ್ ಬದಲಿಸಿ ನೋಡಿ.

---

ಬಯಾಸ್‌ಬಾಗಿಲು ಕೊಟ್ಟ ಉತ್ತರ:

ಡೆಸ್ಕ್‌ಟಾಪ್ ಪ್ರಶ್ನೆ ಹಾಗೇ ಉಳಿದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಯುಇಎಫ್‌ಐ (ಹೊಸ ಮಾದರಿಯ ಬಯಾಸ್) ಇರುವ ಯಂತ್ರ, ಒಳಗೆ ಒಂದು ಓಎಸ್ ಏಳುತ್ತಿದೆ ಎಂದಾದರೆ ಬಯಾಸ್ ಒಳಗೆ ಹೋಗುವ ಅಗತ್ಯವೇ ಇಲ್ಲ. ಲಿನಕ್ಸ್‌ನಲ್ಲಿ ಇಎಫ್‌ಐಬೂಟ್‌ಎಂಜಿಆರ್ ಓಡಿಸಿದರೆ ಬೂಟ್ ಪಟ್ಟಿ ನಾಲ್ಕಂಕಿಯ ಸಂಖ್ಯೆಗಳ ಸಮೇತ ಪಠ್ಯವಾಗಿ ಬರುತ್ತದೆ. ಮೈನಸ್ ಎನ್ ಜೊತೆ ಆ ಸಂಖ್ಯೆ ಕೊಟ್ಟರೆ ಮುಂದಿನ ಒಂದು ಸಲಕ್ಕೆ ಮಾತ್ರ ಅಲ್ಲಿಂದ ಬೂಟ್ ಆಗುತ್ತದೆ, ತಪ್ಪಿದರೂ ಅದರ ನಂತರ ಹಳೆಯದಕ್ಕೆ ಮರಳುತ್ತದೆ. ವಿಂಡೋಸ್‌ನಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಟ್ಟು "ಯೂಸ್ ಎ ಡಿವೈಸ್" ಆರಿಸಬಹುದು.

ಬಯಾಸ್ ಒಳಗೆ ಹೋಗಲೇಬೇಕಾದರೆ ಎಚ್‌ಡಿಎಂಐ ಕ್ಯಾಪ್ಚರ್ ಡಾಂಗಲ್ ತೆಗೆದುಕೊಳ್ಳಿ. ಡೆಸ್ಕ್‌ಟಾಪ್‌ನ ಎಚ್‌ಡಿಎಂಐ ಅದರೊಳಗೆ, ಅದರ ಯುಎಸ್‌ಬಿ ನಿಮ್ಮ ಲ್ಯಾಪ್‌ಟಾಪ್‌ಗೆ. ವಿಂಡೋಸ್ ಅದನ್ನು ವೆಬ್‌ಕ್ಯಾಮ್ ಎಂದೇ ತಿಳಿಯುತ್ತದೆ, ಬೇರೆ ಡ್ರೈವರ್ ಬೇಡ. ವಿಎಲ್‌ಸಿಯಲ್ಲಿ ತೆರೆದು ಪೂರ್ಣಪರದೆ ಮಾಡಿ ಎನ್‌ವಿಡಿಎ ಆರ್ ಒತ್ತಿದರೆ ವಿಂಡೋಸ್ ಓಸಿಆರ್ ಇಡೀ ಪುಟ ಓದುತ್ತದೆ. ಎನ್‌ವಿಡಿಎಯ ಸ್ಕ್ರೀನ್ ಕರ್ಟನ್ ಆಫ್ ಇರಬೇಕು, ಇಲ್ಲದಿದ್ದರೆ ಓಸಿಆರ್‌ಗೆ ಸಿಗುವುದು ಬರೀ ಕಪ್ಪು.

ತೊಡಕು ಇರುವುದು ಬೇರೆ ಕಡೆ. ತಾಮ್ರತಂತಿಯವರು ಚಿತ್ರದ ಬಗ್ಗೆ ಹೇಳಿದ ಮಾತು ಇಲ್ಲಿ ಪೂರ್ತಿ ನಿಜ: ಯಾವ ಸಾಲು ಆಯ್ಕೆಯಾಗಿದೆ ಎಂದು ಬಯಾಸ್ ತೋರಿಸುವುದು ಬಣ್ಣದಿಂದ, ಓಸಿಆರ್‌ಗೆ ಬಣ್ಣ ತಿಳಿಯದು. ಆದರೆ ಅನೇಕ ಬಯಾಸ್‌ಗಳಲ್ಲಿ ಬಲಗಡೆ ವಿವರಣೆಯ ಒಂದು ಅಂಕಣ ಇರುತ್ತದೆ, ನೀವು ನಿಂತಿರುವ ಸಾಲಿಗೆ ತಕ್ಕಂತೆ ಅದರ ಪಠ್ಯ ಬದಲಾಗುತ್ತದೆ. ಬಾಣದ ಕೀಲಿ ಒಂದು ಸಲ ಒತ್ತಿ, ಓಸಿಆರ್ ಮಾಡಿ, ಆ ಅಂಕಣ ಮಾತ್ರ ಓದಿ. ಬದಲಾದ ವಾಕ್ಯವೇ ನೀವಿರುವ ಜಾಗ. ಬದಲಾವಣೆ ಮಾಡಿದ ಮೇಲೆ ಎಫ್10 ಒತ್ತುವ ಮುಂಚೆ ಇನ್ನೊಮ್ಮೆ ಇಡೀ ಪುಟ ಓದಿ. ಅನುಮಾನ ಬಂದರೆ ಎಫ್10 ಒತ್ತದೆ ಕರೆಂಟ್ ತೆಗೆಯಿರಿ, ಉಳಿಸದ ಬದಲಾವಣೆ ಬಿದ್ದುಹೋಗುತ್ತದೆ.

ಯುಎಸ್‌ಬಿಯಲ್ಲಿ ಡೆಬಿಯನ್ ಇನ್‌ಸ್ಟಾಲರ್ ಇದ್ದರೆ ಮೆನು ಬಂದಾಗ ಒಂದು ಬೀಪ್ ಕೇಳುತ್ತದೆ. ಎಸ್ ಒತ್ತಿ ಎಂಟರ್ ಕೊಡಿ, ಇಡೀ ಇನ್‌ಸ್ಟಾಲೇಶನ್ ಮಾತಿನಲ್ಲೇ ನಡೆಯುತ್ತದೆ. ವಿಂಡೋಸ್ ಸೆಟಪ್ ಆದರೆ ಕಂಟ್ರೋಲ್, ವಿಂಡೋಸ್, ಎಂಟರ್ ಮೂರೂ ಒಟ್ಟಿಗೆ ಒತ್ತಿದರೆ ನರೇಟರ್ ಏಳುತ್ತದೆ. ಏಳದಿದ್ದರೆ ಬಹುತೇಕ ಸೌಂಡ್ ಡ್ರೈವರ್ ಇಲ್ಲದ್ದೇ ಕಾರಣ. ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಬ್ಯಾಗ್‌ನಲ್ಲಿ ಸದಾ ಇಟ್ಟುಕೊಳ್ಳಿ.

---

ಆರುಚುಕ್ಕಿ:

ವೈಫೈ ಬಂತು, ಎಸ್‌ಎಸ್‌ಎಚ್ ತೆರೆಯಿತು. ಕೇಬಲ್ ಬದಲಿಸಿ ರೀಬೂಟ್ ಮಾಡಿದ ಮೇಲೆ 0ಎಕ್ಸ್0 ಬರುತ್ತಿದೆ. ಇನ್ನೊಂದೇ ಪ್ರಶ್ನೆ: ಶಟ್‌ಡೌನ್ ಕೊಟ್ಟ ಮೇಲೆ ಕರೆಂಟ್ ಯಾವಾಗ ಕೀಳಬಹುದು ಅಂತ ಎಸ್‌ಎಸ್‌ಎಚ್ ಹೇಳಲ್ಲ, ಸಂಪರ್ಕ ಮೊದಲೇ ಕಡಿದುಹೋಗುತ್ತೆ.

---

ತಾಮ್ರತಂತಿ:

ಸೀರಿಯಲ್ ಕಿಟಕಿ ತೆರೆದೇ ಇಡಿ, ಅದು ಕೊನೇವರೆಗೂ ಮಾತಾಡುತ್ತೆ. ರೀಬೂಟ್, ಕೋಲನ್, ಪವರ್ ಡೌನ್ ಅನ್ನೋ ಸಾಲು ಬಂದ ಮೇಲೆ ಕೀಳಬಹುದು. ಬಜರ್ ಹಾಕಿದ್ದರೆ ಅದರ ಬಡಿತ ನಿಂತ ಮೇಲೆ ಇನ್ನೊಂದು ಐದು ಸೆಕೆಂಡ್ ಬಿಟ್ಟು ತೆಗೆಯಿರಿ. ಚಾರ್ಜರ್ ಗೋಡೆಯಲ್ಲಿ ಇರೋವರೆಗೂ ಮೊದಲ ಎರಡು ಪಿನ್‌ಗಳಲ್ಲಿ 5 ವೋಲ್ಟ್ ಇದ್ದೇ ಇರುತ್ತೆ, ಹೌಸಿಂಗ್ ಬಿಚ್ಚೋದಿದ್ದರೆ ಮೊದಲು ಅದನ್ನು ಕಿತ್ತು ಆಮೇಲೆ ಪಿನ್‌ಗೆ ಕೈ ಹಾಕಿ.